ನೂಲಿನ ಹೂಗುಚ್ಛ ಹೆಣೆಯುವ ಬಗೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಾಗಿ ಏನಾದರೊಂದು ಲೇಖನವನ್ನು ಬರೆದು ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಸಂಕೋಚವೇ ಆಯಿತು. ನಾನು ಸಾಹಿತಿಯಲ್ಲ, ಶಿಕ್ಷಣತಜ್ಞಳೂ ಅಲ್ಲ. ಈ ಶಾಲೆಯಲ್ಲಿ ಹತ್ತನೆಯ ಇಯತ್ತೆಯವರೆಗೆ ಓದಿ, ಸೊಲ್ಲಾಪುರದಲ್ಲಿ ಸಂಸಾರ ಹೂಡಿದ ಒಬ್ಬ ಸಾಮಾನ್ಯ ಗೃಹಿಣಿ. ಆದರೆ ಈ ಬಾರಿಯ ಸಮಾರಂಭದಲ್ಲಿ ನಿವೃತ್ತ ಗುರುಗಳಿಗೆ ಹೂವಿನ ಗುಚ್ಛದ ಬದಲು ನೂಲಿನಿಂದ ಹೆಣೆದ ಗುಚ್ಛವನ್ನು ಅರ್ಪಿಸಬೇಕೆಂದು ಹಳೆಯ ವಿದ್ಯಾರ್ಥಿನಿಯರಾದ ನಾವು ಕೆಲವರು ನಿಶ್ಚಯಿಸಿದೆವು. ಹಿಂದಿನ ಸಮಾರಂಭಗಳಲ್ಲಿ ಸೊಲ್ಲಾಪುರದಿಂದ ತರಿಸಿದ ಗುಚ್ಛಗಳು ಮರುದಿನ ಪ್ಲಾಸ್ಟಿಕ್ ಹೊದಿಕೆಯ ಸಮೇತ ತಿಪ್ಪೆ ಸೇರಿದ್ದನ್ನು ಕಂಡವರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಸುದ್ದಿ ಹರಡಿದ ಮೇಲೆ 'ಅದನ್ನು ಹೇಗೆ ಮಾಡುತ್ತೀರಿ, ನಮಗೂ ತಿಳಿಸಿ' ಎಂದು ಅಕ್ಕಲಕೋಟೆಯಿಂದ, ಜತ್ತಿನಿಂದ, ಪುಣೆಯಿಂದಲೂ ಗೆಳತಿಯರು ಕೇಳತೊಡಗಿದರು. ಆದುದರಿಂದ ನನಗೆ ತಿಳಿದ ಈ ಒಂದು ವಿಷಯವನ್ನೇ ಬರೆಯುತ್ತಿದ್ದೇನೆ.

ನಾನು ಐದನೆಯ ಇಯತ್ತೆಗೆ ಸೇರಿದ್ದು 1981ರಲ್ಲಿ. ಆಗ ನಮಗೆ ಕಾರ್ಯಾನುಭವದ ತಾಸಿನಲ್ಲಿ ಕ್ರೋಶಾ ಕಲಿಸಿದ ಅಕ್ಕೋರನ್ನು ಆ ಕಾಲದ ವಿದ್ಯಾರ್ಥಿನಿಯರು ಯಾರೂ ಮರೆತಿರಲಾರರು. ತರಗತಿಯಲ್ಲಿ ಹತ್ತೊಂಬತ್ತು ಜನ ಹುಡುಗಿಯರು. ಅಂಗಡಿಯಿಂದ ಕೊಂಡ ಸೂಜಿಗಳು ಎರಡೇ. ಅಕ್ಕೋರು ಸೈಕಲ್ ರಿಪೇರಿಯ ಅಂಗಡಿಯಿಂದ ಮುರಿದ ಸ್ಪೋಕುಗಳನ್ನು ತರಿಸಿ, ತುದಿಯನ್ನು ಕಾನಸಿನಿಂದ ಕೊಕ್ಕೆಯಾಗುವಂತೆ ತಿಕ್ಕಿಸಿ, ಮತ್ತೊಂದು ತುದಿಗೆ ಬಟ್ಟೆ ಸುತ್ತಿ ನಮ್ಮ ಕೈಗೆ ಕೊಟ್ಟರು. ಸಾಮಾನ್ಯ ಸ್ಪೋಕಿನ ದಪ್ಪ 2 ಮಿಲಿಮೀಟರು; ನೂಲಿನ ಹೆಣಿಗೆಗೆ ಅದು ಹೆಚ್ಚುಕಡಿಮೆ ಹೇಳಿ ಮಾಡಿಸಿದ ಅಳತೆಯೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನೂಲೆಂದರೆ ಚಾದರದ ಮಗ್ಗಗಳಲ್ಲಿ ಉಳಿದ ತುಂಡು ನೂಲು. ನಾಲ್ಕೆಂಟು ಎಳೆಗಳನ್ನು ಕೂಡಿಸಿ ಹುರಿ ಮಾಡಿಕೊಂಡು ಹೆಣೆಯುತ್ತಿದ್ದೆವು.

ಅಕ್ಕೋರು ಈ ವಿದ್ಯೆಯನ್ನು ಕಲಿತದ್ದು ಮರಾಠಿಯಲ್ಲಿ. ಮರಾಠಿಯವರು ಕ್ರೋಶಾದ ಮೊದಲ ಹೆಣಿಗೆಗೆ 'ಸಾಖಳಿ' ಎನ್ನುತ್ತಾರೆ, ಎತ್ತರದ ಹೆಣಿಗೆಗೆ 'ಖಾಂಬ' ಎನ್ನುತ್ತಾರೆ, ಗಿಡ್ಡದಕ್ಕೆ 'ಮುಕಾ ಖಾಂಬ'. ಅಕ್ಕೋರು ನಮ್ಮ ಕನ್ನಡ ಶಾಲೆಗೆ ಬಂದ ಮೇಲೆ ಅವನ್ನೇ ಸರಪಳಿ, ಕಂಬ, ಮೂಕ ಕಂಬ ಎಂದು ಮಾಡಿಕೊಂಡರು. ಖಾಂಬವೂ ಕಂಬವೂ ಒಂದೇ ಮೂಲದ ಮಾತುಗಳಾದುದರಿಂದ ಅದು ಅನುವಾದವೆಂದೇ ನಮಗೆ ಅನಿಸಲಿಲ್ಲ. ತಲೆಯೆತ್ತದೆ, ಬಾಯಿ ಬಿಡದೆ ಸಾಲಿನಲ್ಲಿ ಕುಳಿತುಬಿಡುವ ಹೆಣಿಗೆ ಮೂಕ ಕಂಬ. ಒಮ್ಮೆ ಕೇಳಿದ ಹುಡುಗಿಗೆ ಅದು ಮರೆಯುವಂತಿರಲಿಲ್ಲ.

ಈ ಮಾತುಗಳ ಬೆಲೆ ನನಗೆ ಗೊತ್ತಾದದ್ದು ಒಂದು ಫಜೀತಿಯಿಂದ. ನನ್ನ ನಾದಿನಿಯ ಮದುವೆಯ ರುಖವತದಲ್ಲಿ ಇಡುವುದಕ್ಕೆಂದು ಹನ್ನೆರಡು ಗುಲಾಬಿಗಳ ಗುಚ್ಛವೊಂದನ್ನು ಹೆಣೆಯಲು ಹೊರಟೆ. ನಮ್ಮ ಭಾಗದ ಮದುವೆಗಳಲ್ಲಿ ಹೆಣ್ಣಿನ ಕಡೆಯವರ ಕೈಕೆಲಸ, ತಿಂಡಿ ತಿನಿಸು, ಪಾತ್ರೆಗಳನ್ನು ಮಂಟಪದಲ್ಲಿ ಸಾಲಾಗಿ ಜೋಡಿಸಿಡುವ ರುಖವತ ಎಲ್ಲರಿಗೂ ಗೊತ್ತಿದ್ದದ್ದೇ. ಬಂದ ಹೆಂಗಸರೆಲ್ಲ ಒಂದೊಂದನ್ನೂ ಕೈಯಲ್ಲಿ ಹಿಡಿದು ಪರೀಕ್ಷಿಸುವ ಜಾಗವದು. ಹಳೆಯ ಪುಸ್ತಕದಂಗಡಿಯಲ್ಲಿ ದೊರೆತ ಒಂದು ಇಂಗ್ಲಿಷ್ ಪುಸ್ತಕವನ್ನು ನೋಡಿ ಹೆಣೆದೆ. ಹನ್ನೆರಡು ಗುಲಾಬಿಗಳೂ ಮುಗಿದಾಗ ಅವು ಗುಲಾಬಿಗಳಾಗಿರಲಿಲ್ಲ, ಕೋಟಿನ ಗುಂಡಿಗಳಾಗಿದ್ದವು! ಕಾರಣವಿಷ್ಟೇ. ಬ್ರಿಟಿಷರು ಯಾವುದನ್ನು 'ಡಬಲ್ ಕ್ರೋಶೆ' ಎನ್ನುವರೋ ಅದು ನಮ್ಮ ಮೂಕ ಕಂಬ. ಅಮೆರಿಕದವರು 'ಡಬಲ್ ಕ್ರೋಶೆ' ಎಂದರೆ ನಮ್ಮ ಪೂರ್ತಿ ಕಂಬ. ಪುಸ್ತಕ ಅಮೆರಿಕದ್ದು, ನಾನು ತಿಳಿದಿದ್ದ ಇಂಗ್ಲಿಷ್ ಹೆಸರುಗಳು ಬ್ರಿಟಿಷರವು. ಒಂದೇ ಹೆಸರು, ಎರಡು ಹೆಣಿಗೆ. ಇಂಗ್ಲಿಷ್ ಪುಸ್ತಕವನ್ನೋ ಚಿತ್ರವನ್ನೋ ನೋಡಿ ಹೆಣೆಯುವವರು ಮೊದಲು ಅದು ಯಾವ ದೇಶದ್ದೆಂದು ಖಚಿತ ಮಾಡಿಕೊಳ್ಳಬೇಕು. 'ಸಿಂಗಲ್ ಕ್ರೋಶೆ' ಎಂಬ ಮಾತು ಕಂಡುಬಂದರೆ ಅದು ಅಮೆರಿಕದ ಪದ್ಧತಿಯೆಂದು ತಿಳಿಯಬಹುದು. ಪುಣ್ಯಕ್ಕೆ ಕ್ರೋಶಾದಲ್ಲಿ ತಪ್ಪಿದರೆ ನೂಲು ಹಾಳಾಗುವುದಿಲ್ಲ. ತುದಿ ಹಿಡಿದು ಎಳೆದರೆ ಸರಸರನೆ ಬಿಚ್ಚುತ್ತದೆ. ಮೂರು ರಾತ್ರಿ ಕೂತು ಹನ್ನೆರಡನ್ನೂ ಬಿಚ್ಚಿ ಮತ್ತೆ ಹೆಣೆದೆ. ಆಗಿನಿಂದ ಯಾವ ವಿನ್ಯಾಸವನ್ನು ಕಂಡರೂ ಅಕ್ಕೋರ ಮಾತುಗಳಿಗೆ ತಿರುಗಿಸಿಕೊಂಡ ಹೊರತು ಸೂಜಿ ಹಿಡಿಯುವುದಿಲ್ಲ.

ಇನ್ನು ಸಾಮಗ್ರಿಗಳ ಮಾತು. ಹೂವಿಗೆ ನಾಲ್ಕೆಳೆಯ ಹತ್ತಿಯ ಹೆಣಿಗೆ ನೂಲು ಅತ್ಯುತ್ತಮ. ಆಂಕರ್ ಮುಂತಾದ ಹೆಸರಿನವು ಸೊಲ್ಲಾಪುರದ ನವಿ ಪೇಟೆಯಂಥ ಕಡೆ ದೊರೆಯುತ್ತವೆ. ಇದಕ್ಕೆ 2.5 ಮಿಲಿಮೀಟರಿನ ಸೂಜಿ ಸಾಕು. ಅಕ್ರಿಲಿಕ್ ಉಣ್ಣೆ ಅಗ್ಗ, ಬಣ್ಣಗಳೂ ಬಹಳ. ಆದರೆ ಅದರ ಎಸಳು ಜೋತು ಬೀಳುತ್ತದೆ, ಇಸ್ತ್ರಿ ತಾಗಿದರೆ ಕರಗುತ್ತದೆ. ಕಲಿಯುವವರು ಮಾತ್ರ ಅಕ್ರಿಲಿಕ್ಕಿನಲ್ಲಿಯೇ ಆರಂಭಿಸಲಿ, 3.5 ಮಿಲಿಮೀಟರಿನ ಸೂಜಿಯಲ್ಲಿ. ಮನೆಗಳು ಕಣ್ಣಿಗೆ ಚೆನ್ನಾಗಿ ಕಾಣುತ್ತವೆ. ಕಪ್ಪು, ಕಡು ನೀಲಿ ನೂಲನ್ನು ಮೊದಲ ದಿನವೇ ಹಿಡಿಯಬಾರದು. ಉಳಿದಂತೆ ಹಸಿರು ನೂಲು, ದೊಡ್ಡ ಕಣ್ಣಿನ ಸೂಜಿ, ಕತ್ತರಿ, ಬಗ್ಗಿಸಲು ಬರುವ ತಂತಿ ಇಷ್ಟೇ.

ಹೆಣಿಗೆಗಳನ್ನು ಅಕ್ಕೋರು ಹೇಳಿಕೊಟ್ಟ ಕ್ರಮದಲ್ಲಿಯೇ ಹೇಳುತ್ತೇನೆ. ದಾರದ ತುದಿಯಲ್ಲಿ ಜಾರುಗುಣಿಕೆ ಹಾಕಿ ಸೂಜಿಗೆ ಏರಿಸಿರಿ. ಸೂಜಿಗೆ ದಾರವನ್ನು ಸುತ್ತಿ ಆ ಕುಣಿಕೆಯೊಳಗಿಂದ ಎಳೆದರೆ ಒಂದು ಸರಪಳಿ. ಸೂಜಿಯನ್ನು ಒಂದು ಮನೆಯೊಳಗೆ ಚುಚ್ಚಿ ದಾರವನ್ನು ಎಳೆದುಕೊಂಡರೆ ಸೂಜಿಯ ಮೇಲೆ ಎರಡು ಕುಣಿಕೆಗಳು. ಮತ್ತೊಮ್ಮೆ ದಾರ ಸುತ್ತಿ ಎರಡರೊಳಗಿಂದಲೂ ಎಳೆದರೆ ಮೂಕ ಕಂಬ. ಚುಚ್ಚುವ ಮೊದಲೇ ಒಮ್ಮೆ ದಾರ ಸುತ್ತಿಕೊಂಡು ಚುಚ್ಚಿದರೆ ಸೂಜಿಯ ಮೇಲೆ ಮೂರು ಕುಣಿಕೆಗಳಾಗುತ್ತವೆ. ಮೂರರೊಳಗಿಂದಲೂ ಒಮ್ಮೆಗೇ ಎಳೆದರೆ ಅರ್ಧ ಕಂಬ. ಮೊದಲು ಎರಡರೊಳಗಿಂದ, ಮತ್ತೆ ದಾರ ಸುತ್ತಿ ಉಳಿದ ಎರಡರೊಳಗಿಂದ ಎಳೆದರೆ ಪೂರ್ತಿ ಕಂಬ. ಚುಚ್ಚಿ ಎಳೆದ ದಾರವನ್ನು ಸೂಜಿಯ ಮೇಲಿನ ಕುಣಿಕೆಯೊಳಗಿಂದಲೂ ನೇರವಾಗಿ ದಾಟಿಸಿದರೆ ಅದು ಜಾರು ಹೆಣಿಗೆ. ಅದಕ್ಕೆ ಎತ್ತರವಿಲ್ಲ, ಎರಡು ಕಡೆಗಳನ್ನು ಕೂಡಿಸುವುದಷ್ಟೇ ಅದರ ಕೆಲಸ. ಕಂಬದ ಎತ್ತರ ಮೂಕ ಕಂಬದ ಸುಮಾರು ಎರಡರಷ್ಟು. ಅರ್ಧ ಕಂಬ ನಡುವಿನದು.

ಹೂವಿನ ಗುಟ್ಟೆಲ್ಲ ಈ ಎತ್ತರಗಳಲ್ಲಿ ಮತ್ತು ಎಣಿಕೆಯಲ್ಲಿದೆ. ಗಿಡ್ಡ, ಎತ್ತರ, ಗಿಡ್ಡ ಎಂದು ಸಾಲು ಹಿಡಿದರೆ ಅಂಚು ತಾನಾಗಿ ಎಸಳಿನಂತೆ ದುಂಡಗಾಗುತ್ತದೆ. ಇನ್ನು ಎಣಿಕೆ. ನಡುವೆ 6 ಮೂಕ ಕಂಬ ಹಾಕಿ ಪ್ರತಿ ಸುತ್ತಿಗೆ ಆರಾರು ಹೆಚ್ಚಿಸುತ್ತ ಹೋದರೆ ಹೆಣಿಗೆ ರೊಟ್ಟಿಯಂತೆ ಚಪ್ಪಟೆಯಾಗಿರುತ್ತದೆ. ಹೆಚ್ಚಿಸದೆ ಹೋದರೆ ಬಟ್ಟಲಿನಂತೆ ಒಳಗೆ ಬಾಗುತ್ತದೆ. ಬೇಕಾದುದಕ್ಕಿಂತ ಹೆಚ್ಚು ತುಂಬಿದರೆ ಅಂಚಿಗೆ ಜಾಗ ಸಾಲದೆ ಅಲೆಯಲೆಯಾಗಿ ಏಳುತ್ತದೆ. ಗುಲಾಬಿಯ ಎಸಳು ಹೊರಳುವುದೂ ಈ ಇಕ್ಕಟ್ಟಿನಿಂದಲೇ. ನಮ್ಮ ಹುಡುಗಿಯರ ಕಸುಬೆಂದು ಗಣಿತದ ಮಾಸ್ತರರು ನಗುತ್ತಿದ್ದ ಈ ಕ್ರೋಶಾದಿಂದಲೇ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಡೈನಾ ಟೈಮಿನ್ಯಾ ಎಂಬ ಗಣಿತಜ್ಞೆ 1997ರಲ್ಲಿ ಹೈಪರ್‌ಬೋಲಿಕ್ ಎಂಬ ಜಾತಿಯ ಮೇಲ್ಮೈಯನ್ನು ಹೆಣೆದು ತೋರಿಸಿದರು. ಆಕೆ ಮಾಡಿದ್ದೂ ಇದನ್ನೇ: ಒಂದು ನಿಯಮಕ್ಕೆ ಅನುಸಾರವಾಗಿ ಮನೆಗಳನ್ನು ಹೆಚ್ಚಿಸುತ್ತ ಹೋದದ್ದು. ಮಾಸ್ತರರು ಇಂದು ಇದ್ದಿದ್ದರೆ ಈ ಸಂಗತಿಯನ್ನು ಅವರಿಗೆ ಹೇಳಬಹುದಾಗಿತ್ತು.

ಮೊದಲು ಚಿಕ್ಕ ಹೂವನ್ನು ಹೆಣೆಯೋಣ. 5 ಸರಪಳಿ ಹಾಕಿ, ಮೊದಲನೆಯದಕ್ಕೆ ಜಾರು ಹೆಣಿಗೆಯಿಂದ ಕೂಡಿಸಿದರೆ ಒಂದು ಉಂಗುರವಾಗುತ್ತದೆ. 1 ಸರಪಳಿ ಎತ್ತಿ, ಉಂಗುರದೊಳಗೆ 10 ಮೂಕ ಕಂಬಗಳನ್ನು ಹಾಕಿ ಕೂಡಿಸಿರಿ. ಈ ಹತ್ತು ಮನೆಗಳಲ್ಲಿ ಎರಡೆರಡಕ್ಕೆ ಒಂದರಂತೆ ಐದು ಎಸಳುಗಳು. ಎಸಳಿನ ಮೊದಲ ಮನೆಯಲ್ಲಿ ಜಾರು ಹೆಣಿಗೆ, 2 ಸರಪಳಿ, ಅದೇ ಮನೆಯಲ್ಲಿ 2 ಕಂಬ; ಪಕ್ಕದ ಮನೆಯಲ್ಲಿ 2 ಕಂಬ, 2 ಸರಪಳಿ, ಅದೇ ಮನೆಯಲ್ಲಿ ಜಾರು ಹೆಣಿಗೆ. ಹೀಗೆ ಐದು ಸಲ. ನಡುವೆ ಹಳದಿ, ಸುತ್ತ ಬಿಳಿ ಮಾಡಿದರೆ ನೋಡಲು ಚೆಂದ.

ಗುಲಾಬಿಯನ್ನು ದುಂಡಗೆ ಹೆಣೆಯುವುದಿಲ್ಲ. ಪಟ್ಟಿಯಾಗಿ ಹೆಣೆದು ಸುರುಳಿ ಸುತ್ತುತ್ತೇವೆ. 48 ಸರಪಳಿ ಹಾಕಿರಿ. ಸೂಜಿಯಿಂದ ಆರನೆಯ ಸರಪಳಿಯಲ್ಲಿ ಒಂದು ಕಂಬ, 2 ಸರಪಳಿ, ಅದೇ ಮನೆಯಲ್ಲಿ ಮತ್ತೊಂದು ಕಂಬ. ಇದು ಕವಲೊಡೆದ ಟೊಂಗೆಯಂತೆ ಕಾಣುವುದರಿಂದ ನಾವು ಕವಲು ಎನ್ನುತ್ತಿದ್ದೆವು. ಎರಡು ಸರಪಳಿ ಬಿಟ್ಟು ಮೂರನೆಯದರಲ್ಲಿ ಇನ್ನೊಂದು ಕವಲು. ಕೊನೆಯವರೆಗೆ ಹೀಗೆಯೇ ಹೋದರೆ ಒಟ್ಟು 15 ಕವಲುಗಳಾಗಬೇಕು. ಹದಿನಾಲ್ಕಾದರೆ ಎಲ್ಲಿಯೋ ಒಂದು ಸರಪಳಿಯನ್ನು ಹೆಚ್ಚು ಬಿಟ್ಟಿದ್ದೀರಿ. ಈಗ 1 ಸರಪಳಿ ಹಾಕಿ ಹೆಣಿಗೆಯನ್ನು ತಿರುಗಿಸಿರಿ. ಪ್ರತಿ ಕವಲಿನ ನಡುವಿನ ಕಿಂಡಿಯೊಳಗೆ ಒಂದೊಂದು ಎಸಳು. ಮೊದಲ ಐದು ಎಸಳು ಚಿಕ್ಕವು: 1 ಮೂಕ ಕಂಬ, 4 ಅರ್ಧ ಕಂಬ, 1 ಮೂಕ ಕಂಬ. ನಡುವಿನ ಐದು: 1 ಮೂಕ ಕಂಬ, 6 ಕಂಬ, 1 ಮೂಕ ಕಂಬ. ಕೊನೆಯ ಐದು ದೊಡ್ಡವು; ಅಲ್ಲಿ ಆರರ ಬದಲು 8 ಕಂಬಗಳು. ಒಂದು ಗೇಣಿಗಿಂತ ಹೆಚ್ಚು ಉದ್ದದ ದಾರವನ್ನು ಬಿಟ್ಟು ಕತ್ತರಿಸಿರಿ.

ಈಗ ಚಿಕ್ಕ ಎಸಳುಗಳ ತುದಿಯಿಂದ ಸುರುಳಿ ಸುತ್ತಬೇಕು. ಮೊದಲ ಎರಡು ಸುತ್ತು ಬಿಗಿ, ಆಮೇಲೆ ಸಡಿಲ. ಇಲ್ಲಿ ಅವಸರ ಕೂಡದು. ಬಿಗಿಯಾಗಿ ಸುತ್ತಿದ ಗುಲಾಬಿ ಮೊಗ್ಗಾಗಿಯೇ ಉಳಿಯುತ್ತದೆ; ತೀರ ಸಡಿಲವಾದರೆ ನಡುವೆ ತೂತು ಬೀಳುತ್ತದೆ. ಬಿಟ್ಟ ದಾರವನ್ನು ಸೂಜಿಗೆ ಪೋಣಿಸಿ, ಎಸಳಿನ ಬದಿಯಿಂದ ಬುಡಕ್ಕೆ ಇಳಿಸಿ, ಎಲ್ಲ ಸುತ್ತುಗಳನ್ನೂ ಹಿಡಿಯುವಂತೆ ಅಡ್ಡಡ್ಡ ನಾಲ್ಕೈದು ಸಲ ಹೊಲಿಯಿರಿ. ನಮ್ಮ ತಂಡದಲ್ಲಿ ಅತ್ಯಂತ ಸುಂದರವಾಗಿ ಗುಲಾಬಿ ಸುತ್ತಿದವರು ಹೆಂಗಸರಲ್ಲ; ನನ್ನ ಜೊತೆ ಓದಿ ಈಗ ಊರಲ್ಲಿಯೇ ದರ್ಜಿಯಾಗಿರುವ ಒಬ್ಬ ಸಹಪಾಠಿ. ಅಂದು ಕಾರ್ಯಾನುಭವದ ತಾಸಿನಲ್ಲಿ ಹುಡುಗರನ್ನು ಶಾಲೆಯ ತೋಟಕ್ಕೆ ನೀರು ಹೊರಲು ಕಳಿಸುತ್ತಿದ್ದರು. ಆತ ಕಿಟಕಿಯ ಹೊರಗೆ ಕೊಡ ಇಟ್ಟು ನಿಂತು ನೋಡುತ್ತಿದ್ದನಂತೆ. ಈಗ ಹೇಳಿದ.

ದಸರೆಗೆ ನಮ್ಮ ಸಂತೆಗಳಲ್ಲಿ ರಾಶಿ ಬೀಳುವ ಸೇವಂತಿಗೆಗೆ ಎಸಳು ಹೆಣೆಯುವ ಶ್ರಮವಿಲ್ಲ. 31 ಸರಪಳಿ ಹಾಕಿ, ಎರಡನೆಯದರಿಂದ ಆರಂಭಿಸಿ 30 ಮೂಕ ಕಂಬ. ತಿರುಗಿಸಿ, ಪ್ರತಿ ಮನೆಯಲ್ಲಿಯೂ ಒಂದು ಮೂಕ ಕಂಬ, 7 ಸರಪಳಿ, ಅದೇ ಮನೆಯಲ್ಲಿ ಮತ್ತೊಂದು ಮೂಕ ಕಂಬ. ಮೂವತ್ತು ಕುಣಿಕೆಗಳ ಜಾಲರಿಯಾಗುತ್ತದೆ. ಗುಲಾಬಿಯಂತೆಯೇ ಸುತ್ತಿ ಹೊಲಿದರೆ ಸೇವಂತಿಗೆ. ಕಿತ್ತಳೆ ಬಣ್ಣದ್ದಾದರೆ ಚೆಂಡು ಹೂವೆಂದೂ ನಡೆಯುತ್ತದೆ.

ಎಲೆಗೆ 11 ಸರಪಳಿ. ಎರಡನೆಯದರಿಂದ ಒಂದೊಂದರಲ್ಲಿ ಕ್ರಮವಾಗಿ 1 ಮೂಕ ಕಂಬ, 1 ಅರ್ಧ ಕಂಬ, 5 ಕಂಬ, 1 ಅರ್ಧ ಕಂಬ, 1 ಮೂಕ ಕಂಬ. ಉಳಿದ ಕೊನೆಯ ಸರಪಳಿಯಲ್ಲಿ 3 ಮೂಕ ಕಂಬ ಹಾಕಿದರೆ ಹೆಣಿಗೆ ತಾನೇ ತಿರುಗುತ್ತದೆ. ಸರಪಳಿಯ ಇನ್ನೊಂದು ಮಗ್ಗುಲಲ್ಲಿ ಅದೇ ಕ್ರಮದಲ್ಲಿ ಹಿಂದಕ್ಕೆ ಬನ್ನಿರಿ. ದಂಟಿಗೆ ಒಂದೂವರೆ ಗೇಣು ತಂತಿ. ಅದರ ತುದಿಯನ್ನು ಹೂವಿನ ಬುಡದಲ್ಲಿ ಚುಚ್ಚಿ, ಬಗ್ಗಿಸಿ, ಮತ್ತೆ ಕೆಳಗಿಳಿಸಿ ಹೊಸೆಯಬೇಕು. ಚೂಪು ತುದಿ ಹೊರಗೆ ಉಳಿಯದಂತೆ ನೋಡಿಕೊಳ್ಳಿರಿ, ಮನೆಯಲ್ಲಿ ಮಕ್ಕಳಿರುತ್ತಾರೆ. ತಂತಿಗೆ ಅಂಟು ಸವರಿ ಹಸಿರು ನೂಲನ್ನು ಒತ್ತೊತ್ತಾಗಿ ಸುತ್ತುತ್ತ ಬಂದು, ನಡುವೆ ಎಲೆಯ ದಾರವನ್ನೂ ಸೇರಿಸಿ ಸುತ್ತಿದರೆ ದಂಟು ಸಿದ್ಧ.

ನಮ್ಮ ಒಂದು ಗುಚ್ಛದಲ್ಲಿ 5 ಗುಲಾಬಿ, 4 ಸೇವಂತಿಗೆ, 9 ಚಿಕ್ಕ ಹೂ, 10 ಎಲೆ. ನಡುವೆ ಒಂದು ಎತ್ತರದ ಗುಲಾಬಿಯನ್ನು ಹಿಡಿದು, ಉಳಿದ ದಂಟುಗಳನ್ನು ಒಂದೇ ದಿಕ್ಕಿನಲ್ಲಿ ಓರೆಯಾಗಿ ಸೇರಿಸುತ್ತ ಹೋದರೆ ಕೆಳಗೆ ತಿರುಚಿದಂತೆ ಕೂಡಿಕೊಳ್ಳುತ್ತವೆ. ಅಲ್ಲಿ ಬಿಗಿಯಾಗಿ ಕಟ್ಟಬೇಕು. ಬುಡಕ್ಕೆ ಹಳೆಯ ಇಳಕಲ್ ಸೀರೆಯ ಸೆರಗಿನ ತುಂಡನ್ನು ಸುತ್ತಿದೆವು. ಒಂದು ಗುಚ್ಛಕ್ಕೆ, ಅಡುಗೆ ಮನೆಗೆಲಸಗಳ ನಡುವೆ, ನನಗೆ ಎಂಟು ದಿನ ಹಿಡಿಯಿತು.

ಎಸಳು ನೆಟ್ಟಗೆ ನಿಲ್ಲಲೆಂದು ಕೆಲವರು ಸಕ್ಕರೆ ಪಾಕದಲ್ಲಿ ಅದ್ದುತ್ತಾರೆ. ಬೇಡ, ಇರುವೆಗಳು ಮೊದಲ ಅತಿಥಿಗಳಾಗುತ್ತವೆ. ಸಾಬೂದಾಣಿಯ ತಿಳಿ ಗಂಜಿ ಒಳ್ಳೆಯದು, ಆದರೆ ಗಂಜಿ ಹಾಕಿದ್ದನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಬೆಳ್ಳಿಹುಳು ಹತ್ತುತ್ತದೆ. ಬಿಗಿಯಾಗಿ ಹೆಣೆದರೆ ಗಂಜಿಯೇ ಬೇಕಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಧೂಳು ಹಿಡಿದಾಗ ತಂತಿಯನ್ನು ಬಿಡಿಸಿ ಹೂವನ್ನಷ್ಟೇ ಸಾಬೂನಿನ ನೀರಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಬೇಕು. ತಂತಿ ನೆನೆದರೆ ತುಕ್ಕಿನ ಕಲೆ ಹೋಗುವುದಿಲ್ಲ. ಕೆಂಪು ನೂಲನ್ನು ಹೆಣೆಯುವ ಮೊದಲೇ ಒದ್ದೆ ಬಿಳಿ ಬಟ್ಟೆಗೆ ಒತ್ತಿ ಬಣ್ಣ ಬಿಡುವುದೋ ಎಂದು ಪರೀಕ್ಷಿಸಿರಿ.

ಇದರಿಂದ ಮನೆಯಲ್ಲಿ ಕುಳಿತೇ ಸಂಪಾದನೆ ಮಾಡಬಹುದಲ್ಲವೆ ಎಂದು ಬೀಡಿ ಕಟ್ಟುವ ಕೆಲಸಕ್ಕೆ ಬೇಸತ್ತ ನನ್ನ ಓಣಿಯ ಹೆಣ್ಣುಮಕ್ಕಳು ಕೇಳುತ್ತಾರೆ. ಅವರಿಗೆ ಸುಳ್ಳು ಆಸೆ ತೋರಿಸಲು ನನಗೆ ಮನಸ್ಸಿಲ್ಲ. ಆಂಧ್ರದ ಪಶ್ಚಿಮ ಗೋದಾವರಿಯ ನರಸಾಪುರದ ಕಡೆ ಕ್ರೋಶಾ ಲೇಸ್ ಹೆಣೆಯುವುದು ಹಳೆಯ ಉದ್ಯೋಗ. ಅಲ್ಲಿಯ ಹೆಣಿಗೆ ಪರದೇಶಗಳಿಗೆ ಹೋಗುತ್ತದೆ. ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ ಆ ಹೆಂಗಸರನ್ನು ಕುರಿತು 1982ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ದಿನದ ಹಲವು ತಾಸು ಹೆಣೆದರೂ ಅವರನ್ನು ಕೆಲಸಗಾರರೆಂದು ಎಣಿಸದೆ, ಬಿಡುವಿನ ವೇಳೆ ಕಳೆಯುವ ಗೃಹಿಣಿಯರೆಂದು ಹೇಳಿ ಅತ್ಯಲ್ಪ ಕೂಲಿ ಕೊಡುತ್ತಿದ್ದುದನ್ನು ತೋರಿಸಿದ್ದಾರೆ. ಆ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು, ಒಳ್ಳೆಯದೇ. ಆದರೆ ಕ್ರೋಶಾವನ್ನು ಯಂತ್ರ ಹೆಣೆಯಲಾರದು. ಪೇಟೆಯಲ್ಲಿ ಅಗ್ಗವಾಗಿ ಸಿಗುವ ನಿಜವಾದ ಕ್ರೋಶಾ ಹೂವಿನ ಹಿಂದೆ ಯಾರದೋ ಕೈಗಳಿರುತ್ತವೆ. ಬೆಲೆ ಕೇಳಿದವರಿಗೆ ತಾಸುಗಳನ್ನು ಲೆಕ್ಕ ಹಾಕಿ ಹೇಳಿರಿ, ನೂಲಿನ ತೂಕವನ್ನಲ್ಲ. ಕೊಳ್ಳದಿದ್ದರೆ ಬಿಡಲಿ.

ಮೊದಲ ಗುಚ್ಛ ಸಿದ್ಧವಾದಾಗ ಅದನ್ನು ಹಿಡಿದುಕೊಂಡು ಅಕ್ಕೋರ ಮನೆಗೆ ಹೋದೆ. ಮಧುಮೇಹದಿಂದ ಅವರ ದೃಷ್ಟಿ ಬಹಳ ಮಂದವಾಗಿದೆ. ಬಾಗಿಲಲ್ಲಿ ನಿಂತವರನ್ನು ಧ್ವನಿಯಿಂದಲೇ ಗುರುತಿಸುತ್ತಾರೆ. ಬಣ್ಣ ಯಾವುದೆಂದು ಕೇಳಿದರು, ಹೇಳಿದೆ. ಆಮೇಲೆ ಗುಚ್ಛವನ್ನು ಮಡಿಲಲ್ಲಿ ಇಟ್ಟುಕೊಂಡು ಒಂದೊಂದೇ ಹೂವನ್ನು ಬೆರಳಿನಿಂದ ಮುಟ್ಟುತ್ತ ಹೋದರು. ಬಹಳ ಹೊತ್ತು ಮಾತಿಲ್ಲ. ಮೂರನೆಯ ಗುಲಾಬಿಯಲ್ಲಿ ಅವರ ಹೆಬ್ಬೆರಳು ನಿಂತಿತು.

"ಇಲ್ಲಿ ಐದs ಕಂಬ ಅವ. ಆರು ಇರಬೇಕಲ್ಲ ತಂಗೀ? ಎಣಿಸಿದ್ದಿಲ್ಲೇನು?"

ನಾನು ನೋಡಿದೆ. ಒಂಬತ್ತನೆಯ ಎಸಳು. ಐದೇ ಇದ್ದವು. ಇರಲಿ ಬಿಡಿರಿ, ಯಾರ ಕಣ್ಣಿಗೂ ಕಾಣುವುದಿಲ್ಲ ಎಂದೆ. ಅವರು ಕೇಳಲಿಲ್ಲ. ಬುಡದ ಹೊಲಿಗೆಯನ್ನು ನನ್ನಿಂದ ಬಿಡಿಸಿ, ಕೊನೆಯ ಏಳು ಎಸಳುಗಳನ್ನು ತಾವೇ ಎಳೆದು ಬಿಚ್ಚಿದರು. ಸೂಜಿ ಕೊಡು ಎಂದು ಕೈ ಚಾಚಿದರು. ಮೊದಲ ಒಂದೆರಡು ಮನೆಗಳಲ್ಲಿ ಕೊಕ್ಕೆ ತಡವರಿಸಿತು. ಮುಂದೆ ಎಡಗೈಯ ಉಗುರಿನಿಂದ ಕಿಂಡಿಯನ್ನು ಹುಡುಕುತ್ತ, ತುಟಿಯಲ್ಲಿಯೇ ಎಣಿಸುತ್ತ, ಏಳೂ ಎಸಳುಗಳನ್ನು ಮುಗಿಸಿದರು. ನಾನು ಸುರುಳಿ ಸುತ್ತಿ ಹೊಲಿದೆ. ಆ ಗುಲಾಬಿಯನ್ನು ಮತ್ತೆ ಗುಚ್ಛದಲ್ಲಿ ಸೇರಿಸಿಟ್ಟಿದ್ದೇನೆ. ಉಳಿದ ಗುಚ್ಛಗಳೂ ಈಗ ಸಿದ್ಧವಾಗಿ ಅದರ ಪಕ್ಕದಲ್ಲಿ ಸಾಲಾಗಿ ನಿಂತಿವೆ. ಗುರುತು ಹಾಕಿಲ್ಲವಾದುದರಿಂದ ಸಮಾರಂಭದ ದಿನ ಅದು ಯಾವ ಗುರುಗಳ ಕೈ ಸೇರುವುದೋ ನನಗೂ ತಿಳಿಯದು.